ಟ್ರೌಟ್ ಮೀನಿಗೆ ಸ್ಟೋನ್‌ಫ್ಲೈ ನಿಂಫ್: ತಳ ಮುಟ್ಟಿಸುವ ಬಗೆ

ಸ್ಟೋನ್‌ಫ್ಲೈ ಕೀಟದ ಮರಿಗೆ, ಅಂದರೆ ನಿಂಫ್‌ಗೆ, ಚೆನ್ನಾಗಿ ಈಜಲು ಬಾರದು. ಆಮ್ಲಜನಕ ತುಂಬಿದ ತಣ್ಣನೆಯ ಹರಿನೀರಿನಲ್ಲಿ ಕಲ್ಲುಗಳಿಗೆ ಅಂಟಿಕೊಂಡು ತೆವಳುವ ಇದು, ದೊಡ್ಡ ಜಾತಿಗಳಲ್ಲಿ 2ರಿಂದ 4 ವರ್ಷ ನೀರಿನೊಳಗೇ ಬೆಳೆಯುತ್ತದೆ. ಹಿಡಿತ ತಪ್ಪಿದರೆ ತಳದ ಸಮೀಪದಲ್ಲೇ ಉರುಳುತ್ತಾ ಕೊಚ್ಚಿಹೋಗುತ್ತದೆ. ಟ್ರೌಟ್ ಕಾಯುವುದು ಆ ಗಳಿಗೆಗಾಗಿ. ಆದ್ದರಿಂದ ಯಾವ ಮಾದರಿಯ ಫ್ಲೈ (ಕೀಟದಂತೆ ಕಾಣುವ ಕೃತಕ ಗಾಳ) ಕಟ್ಟಿದ್ದೀರಿ ಎಂಬುದಕ್ಕಿಂತ ಅದು ತಳ ಮುಟ್ಟಿತೇ ಎಂಬುದೇ ಹೆಚ್ಚು ಮುಖ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಒಂದೆರಡು ಕಲ್ಲುಗಳನ್ನು ಎತ್ತಿ ನೋಡಿ. ಎರಡು ಬಾಲ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು ಇದ್ದರೆ ಅದು ಸ್ಟೋನ್‌ಫ್ಲೈ. ಅದರ ಗಾತ್ರ ಮತ್ತು ಬಣ್ಣಕ್ಕೆ ಹೊಂದುವ ಫ್ಲೈ ಆರಿಸಿಕೊಂಡು, ಕಲ್ಲನ್ನು ಇದ್ದಂತೆಯೇ ಇಟ್ಟುಬಿಡಿ. ರಬ್ಬರ್ ಕಾಲುಗಳುಳ್ಳ 'ಪ್ಯಾಟ್ಸ್ ರಬ್ಬರ್ ಲೆಗ್ಸ್' ಮಾದರಿಯು 6ರಿಂದ 10ನೇ ಸಂಖ್ಯೆಯ ಗಾಳಗಳಲ್ಲಿ ಬಹುತೇಕ ಕಡೆ ಸಾಕಾಗುತ್ತದೆ. ಅದರ ಮೈಯೊಳಗೆ ತೂಕದ ತಂತಿ ಸುತ್ತಿರಬೇಕು.

ಮುಖ್ಯ ದಾರದ ತುದಿಗೆ ಸೇರಿಸುವ ಸಪೂರ ಎಳೆಯಾದ 9 ಅಡಿಯ ಲೀಡರ್‌ಗೆ 3ಎಕ್ಸ್ ಅಥವಾ 4ಎಕ್ಸ್ ದಪ್ಪದ ಫ್ಲೋರೋಕಾರ್ಬನ್ ಟಿಪ್ಪೆಟ್ (ಫ್ಲೈಗೆ ಕಟ್ಟುವ ಕೊನೆಯ ತೆಳು ಎಳೆ) ಕಟ್ಟಿ, ಫ್ಲೈಯಿಂದ ಸುಮಾರು ನೀರಿನ ಆಳದ ಒಂದೂವರೆ ಪಟ್ಟು ಮೇಲಕ್ಕೆ ಮೀನು ಕಚ್ಚಿದ್ದನ್ನು ತೋರಿಸುವ, ತೇಲುವ ಬೆಂಡನ್ನು ಸಿಕ್ಕಿಸಿ.

ಇನ್ನು ಎಸೆತ. ಹರಿವಿಗೆ ಎದುರಾಗಿ, ತುಸು ಓರೆಯಾಗಿ ಎಸೆದು, ದಾರವು ನೀರಿನ ಸೆಳೆತಕ್ಕೆ ಸಿಕ್ಕಿ ಫ್ಲೈಯನ್ನು ಎಳೆಯದಂತೆ ಕೋಲಿನ ತುದಿಯಿಂದ ದಾರವನ್ನು ಮೇಲ್ಹರಿವಿನತ್ತ ಎತ್ತಿ ಹಾಕುತ್ತಿರಬೇಕು. ತಳದ ನೀರು ಮೇಲ್ಮೈಗಿಂತ ನಿಧಾನವಾಗಿ ಹರಿಯುವುದರಿಂದ, ಬೆಂಡು ಪಕ್ಕದ ನೊರೆಗುಳ್ಳೆಗಳಿಗಿಂತ ತುಸು ಹಿಂದುಳಿದರೆ ಫ್ಲೈ ಸರಿಯಾದ ಆಳದಲ್ಲಿದೆ ಎಂದರ್ಥ. ಗುಳ್ಳೆಗಳ ಜೊತೆಯಲ್ಲೇ ಓಡುತ್ತಿದ್ದರೆ ಒಂದು ಸಣ್ಣ ತೂಕದ ಗುಂಡು ಸೇರಿಸಿ. ಪ್ರತಿ ಎಸೆತಕ್ಕೂ ಕಲ್ಲಿಗೆ ಸಿಕ್ಕಿಕೊಂಡರೆ ಆ ಗುಂಡನ್ನು ತೆಗೆಯಿರಿ. ಎಷ್ಟೋ ಜನ ಇಲ್ಲಿ ಫ್ಲೈ ಬದಲಿಸುತ್ತಾರೆ, ತೂಕ ಬದಲಿಸುವುದಿಲ್ಲ. ಮೀನು ಕೈತಪ್ಪುವುದು ಹೆಚ್ಚಾಗಿ ಈ ತಪ್ಪಿನಿಂದಲೇ. ಬೆಂಡು ಕ್ಷಣಮಾತ್ರ ತಡೆದು ನಿಂತರೂ ಕೋಲನ್ನು ಮೆಲ್ಲನೆ ಎತ್ತಿ. ಕಲ್ಲು ತಗುಲಿದ್ದೋ ಮೀನು ಕಚ್ಚಿದ್ದೋ ಎಂದು ಯೋಚಿಸುವಷ್ಟರಲ್ಲಿ ಟ್ರೌಟ್ ಫ್ಲೈಯನ್ನು ಉಗುಳಿರುತ್ತದೆ.

ರೆಕ್ಕೆ ಬರುವ ಕಾಲ ಸಮೀಪಿಸಿದಾಗ ಈ ಮರಿಗಳು ದಡದತ್ತ ತೆವಳಿ, ಕಲ್ಲುಗಳ ಮೇಲೇರಿ ಪೊರೆ ಕಳಚುತ್ತವೆ. ಅಂತಹ ಒಣ ಪೊರೆಗಳು ದಡದಲ್ಲಿ ಕಂಡರೆ ನಡುಹೊಳೆಗೆ ಇಳಿಯುವ ಆತುರ ಬೇಡ. ಕಾಲಿಟ್ಟು ಕದಡುವ ಮೊದಲು, ಮೊಣಕಾಲುದ್ದದ ದಡದಂಚಿನ ನೀರಿನಲ್ಲೇ ಫ್ಲೈಯನ್ನು ಹರಿಯಬಿಟ್ಟು ನೋಡಿ.