ದಾವೆ ಹೂಡಿದ್ದು ಯಾವತ್ತು ಅಂತ ಲೆಕ್ಕ? ಲಿಮಿಟೇಷನ್ (ದಾವೆ ಹೂಡಲು ಇರುವ ಕಾಲಮಿತಿ) ಮುಗಿಯುವ ಮುಂಚೆ ಇದನ್ನು ನೋಡಿಕೊಳ್ಳಿ

ಕೈಸಾಲ ಕೊಟ್ಟ ದುಡ್ಡು ವಾಪಸ್ ಬಂದಿಲ್ಲ, ಲಾಯರ್ ನೋಟಿಸ್ ಕಳಿಸಿ ಆಯ್ತಲ್ಲ, ಇನ್ನು ಅವಧಿಯ ಚಿಂತೆ ಇಲ್ಲ ಅಂದುಕೊಂಡು ಸುಮ್ನೆ ಕೂರುವವರು ತುಂಬಾ ಜನ. ದಯವಿಟ್ಟು ಹಾಗೆ ಕೂರಬೇಡಿ. ನೋಟಿಸ್ ಕೊಟ್ಟ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ. ಪೊಲೀಸ್ ದೂರು ಕೊಟ್ಟರೂ ಇಲ್ಲ, ಹಿರಿಯರನ್ನು ಕೂರಿಸಿ ರಾಜಿ ಮಾತಾಡಿದರೂ ಇಲ್ಲ, ನಿಮ್ಮ ಪರ ಕೇಸು ನಡೆಸಲು ಲಾಯರಿಗೆ ವಕಾಲತ್ತು ಸಹಿ ಹಾಕಿಕೊಟ್ಟರೂ ಇಲ್ಲ.

1963ರ ಲಿಮಿಟೇಷನ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ವಾದಪತ್ರವನ್ನು, ಅಂದರೆ ನಿಮ್ಮ ದಾವೆಯ ಅರ್ಜಿಯನ್ನು, ಕೋರ್ಟಿನ ಸಂಬಂಧಪಟ್ಟ ಅಧಿಕಾರಿಗೆ ಸಲ್ಲಿಸಿದ ದಿನವೇ ದಾವೆ ಹೂಡಿದ ದಿನ. ಕೇಸಿಗೆ ನಂಬರ್ ಬೀಳುವುದು, ಸಮನ್ಸ್ ಹೋಗುವುದು ಎಲ್ಲ ಆಮೇಲಿನ ಮಾತು.

ಮೊದಲು ಕೊನೇ ದಿನ ಗೊತ್ತು ಮಾಡಿಕೊಳ್ಳಿ. ಸಾಲದ ದುಡ್ಡಿಗೆ ಸಾಮಾನ್ಯವಾಗಿ 3 ವರ್ಷ. ಕೇಳಿದಾಗ ಕೊಡ್ತೀನಿ ಅಂತ ತಗೊಂಡ ಸಾಲಕ್ಕೂ ನೀವು ಕೇಳಿದ ದಿನದಿಂದ ಅಲ್ಲ, ಕೊಟ್ಟ ದಿನದಿಂದಲೇ ಅವಧಿ ಓಡುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಕೊಟ್ಟ ಆ ಒಂದು ದಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. 2022ರ ಜೂನ್ 15ರಂದು ಕೊಟ್ಟಿದ್ದರೆ ಕೊನೇ ದಿನ 2025ರ ಜೂನ್ 15. ಅವತ್ತು ಭಾನುವಾರ, ಕೋರ್ಟಿಗೆ ರಜೆ. ಹಾಗಾಗಿ 4ನೇ ಸೆಕ್ಷನ್ ಪ್ರಕಾರ ಸೋಮವಾರ, ಅಂದರೆ ಕೋರ್ಟ್ ತೆರೆದ ದಿನ, ಹಾಕಿದರೂ ನಡೆಯುತ್ತದೆ. ಮಂಗಳವಾರ ಹಾಕಿದರೆ ಹೋಯ್ತು. ತಡ ಮನ್ನಾ ಮಾಡಿ ಅಂತ ಕೇಳುವ 5ನೇ ಸೆಕ್ಷನ್ ಇರುವುದು ಅಪೀಲು, ಅರ್ಜಿಗಳಿಗೆ. ದಾವೆಗೆ ಅದು ಸಿಗುವುದಿಲ್ಲ. ಎದುರಾಳಿ ತಕರಾರು ತೆಗೆಯದಿದ್ದರೂ ಅವಧಿ ಮೀರಿದ ದಾವೆಯನ್ನು ಕೋರ್ಟ್ ವಜಾ ಮಾಡಲೇಬೇಕು.

ಒಂದು ದಾರಿ ಇದೆ. ಅವಧಿ ಮುಗಿಯುವ ಮುಂಚೆ ಸಾಲಗಾರ ಬಾಕಿ ಇರುವುದನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ, ಅವತ್ತಿಂದ ಹೊಸದಾಗಿ ಲೆಕ್ಕ ಶುರು. ಬಾಯಿಮಾತು ಸಾಲದು.

ಕೋರ್ಟ್ ಫೀ ಕಮ್ಮಿ ಬಿದ್ದರೆ? ಸಿವಿಲ್ ಪ್ರೊಸೀಜರ್ ಕೋಡಿನ 149ನೇ ಸೆಕ್ಷನ್ ಅಡಿ ನ್ಯಾಯಾಧೀಶರು ಆಮೇಲೆ ಕಟ್ಟಲು ಬಿಡಬಹುದು, ಬಿಟ್ಟರೆ ಮೊದಲ ದಿನವೇ ಕಟ್ಟಿದಂತೆ. ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಬೇರೆ ಕೋರ್ಟಿಗೆ ಸೇರಿದ ದಾವೆಯನ್ನು ತಪ್ಪು ಕೋರ್ಟಲ್ಲಿ ಹಾಕಿ ವಾದಪತ್ರ ವಾಪಸ್ ಬಂದರೆ ಸರಿಯಾದ ಕೋರ್ಟಿಗೆ ಹೊಸದಾಗಿ ಸಲ್ಲಿಸಬೇಕು. ಪ್ರಾಮಾಣಿಕವಾಗಿ, ಮುತುವರ್ಜಿಯಿಂದ ನಡೆಸಿದ್ದಿರಿ ಅಂತ ತೋರಿಸಿದರೆ ಅಲ್ಲಿ ಕಳೆದ ಕಾಲವನ್ನು ಲಿಮಿಟೇಷನ್ ಕಾಯ್ದೆಯ 14ನೇ ಸೆಕ್ಷನ್ ಅಡಿ ಬಿಟ್ಟು ಎಣಿಸುತ್ತಾರೆ. ಪ್ರತಿವಾದಿಗಳ ಹೆಸರು ಎಲ್ಲವನ್ನೂ ಮೊದಲೇ ಬರೆಸಿ, ಯಾಕಂದರೆ ಆಮೇಲೆ ಸೇರಿಸಿದವರ ಮಟ್ಟಿಗೆ ಅವರನ್ನು ಸೇರಿಸಿದ ದಿನವೇ ದಾವೆ ಹೂಡಿದ ದಿನ. ಪ್ರಾಮಾಣಿಕವಾಗಿ ಬಿಟ್ಟುಹೋಗಿತ್ತು ಅಂತ ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಹಿಂದಿನ ತಾರೀಖು ಸಿಗುತ್ತದೆ.

ಕೋರ್ಟ್ ಫೀ ಕಟ್ಟಲು ಶಕ್ತಿಯಿಲ್ಲದವರಿಗೆ, ಫೀ ಕಟ್ಟದೆ ದಾವೆ ನಡೆಸಲು ಅನುಮತಿ ಕೇಳಿ ಅರ್ಜಿ ಹಾಕಿದ ದಿನವೇ ದಾವೆ ಹೂಡಿದ ದಿನ. ಅದೇ ಕೇಸಲ್ಲಿ ಪ್ರತಿವಾದಿ ನಿಮ್ಮ ಮೇಲೆ ಹಾಕುವ ಪ್ರತಿದಾವೆಗೆ ಅದನ್ನು ಕೋರ್ಟಿಗೆ ಕೊಟ್ಟ ದಿನ.

ಸಲ್ಲಿಸುವಾಗ ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು (ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರಿಸಿಕೊಳ್ಳುವ ಷರತ್ತು) ಇದ್ದರೆ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ನೋಟಿಸೇ ಮುಖ್ಯ. ಬೇರೆ ಥರ ಒಪ್ಪಿಕೊಂಡಿಲ್ಲದಿದ್ದರೆ, ಆರ್ಬಿಟ್ರೇಷನ್‌ಗೆ ಒಪ್ಪಿಸೋಣ ಅಂತ ಕೇಳಿದ ಪತ್ರ ಎದುರಾಳಿಗೆ ತಲುಪಿದ ದಿನವೇ ಆರ್ಬಿಟ್ರೇಷನ್ ಶುರುವಾದ ದಿನ, ನೀವು ಕಳಿಸಿದ ದಿನ ಅಲ್ಲ. ಆದ್ದರಿಂದ ತಲುಪಿದ್ದಕ್ಕೆ ಪುರಾವೆ ಜೋಪಾನವಾಗಿ ಇಟ್ಟುಕೊಳ್ಳಿ.