ಶುಗರ್ ಬಂತು, ಆದರೂ ಬೆಣ್ಣೆ ಬಿಡಬೇಡಿ

ಮೈಸೂರಿನಲ್ಲಿ ಡಯಟೀಷಿಯನ್ ಆಗಿದ್ದಾಗ ಶುಗರ್ ಅಂದ ಕೂಡಲೇ ನನ್ನ ಬಾಯಲ್ಲಿ ಒಂದೇ ಪಾಠ ಬರುತ್ತಿತ್ತು. ಅನ್ನ ಕಮ್ಮಿ ಮಾಡಿ, ತುಪ್ಪ ಬಿಡಿ, ತೂಕ ಇಳಿಸಿ. ಇಂಗ್ಲೆಂಡಿಗೆ ಬಂದು ದೊಡ್ಡವರ ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್) ಕ್ಲಿನಿಕ್ ಸೇರಿದ ಹೊಸದರಲ್ಲಿ ಅದನ್ನೇ ಒಬ್ಬ ಹುಡುಗನಿಗೂ ಒಪ್ಪಿಸಿಬಿಟ್ಟೆ. ಸಿಎಫ್ ಅಂದರೆ ಹುಟ್ಟಿನಿಂದಲೇ ಬರುವ, ಶ್ವಾಸಕೋಶ, ಜೀರ್ಣಾಂಗಗಳಲ್ಲಿ ಕಫ, ರಸ ಅಂಟಂಟಾಗುವ ಕಾಯಿಲೆ. 24 ವರ್ಷ, ಬಡಕಲು ಮೈ, ಆಗಷ್ಟೇ ಶುಗರ್ ಪತ್ತೆಯಾಗಿತ್ತು. ಬ್ರೆಡ್ಡು, ಆಲೂಗಡ್ಡೆ ಕಮ್ಮಿ ಮಾಡು ಅಂದೆ. ಪಾಪ, ಚಾಚೂ ತಪ್ಪದೆ ಮಾಡಿದ. ಆರು ವಾರದಲ್ಲಿ ಮೂರು ಕಿಲೋ ಇಳಿದು ಬಂದ. ಈ ಕಾಯಿಲೆಯಲ್ಲಿ ತೂಕ ಇಳಿಯುವುದೂ ಶ್ವಾಸಕೋಶ ಸೋಲುವುದೂ ಜೊತೆಜೊತೆಗೇ ನಡೆಯುತ್ತವೆ. ನಮ್ಮ ಹಿರಿಯ ಡಯಟೀಷಿಯನ್ ಬೈಯಲಿಲ್ಲ. ಅವನ ತೂಕದ ಗ್ರಾಫ್ ನನ್ನ ಮುಂದಿಟ್ಟು ಸುಮ್ನೆ ಕೂತರು.

ಸಿಎಫ್‌ನಿಂದ ಬರುವ ಶುಗರ್ ಟೈಪ್ 1 ಅಲ್ಲ, ಟೈಪ್ 2 ಕೂಡ ಅಲ್ಲ. ಸಿಎಫ್‌ನಲ್ಲಿ ಮೇದೋಜೀರಕ ಗ್ರಂಥಿಯ ರಸ ಅಂಟಂಟಾಗಿ ನಾಳಗಳು ಕಟ್ಟಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗಾಗಿ ಗ್ರಂಥಿಯೇ ಹಾಳಾಗುತ್ತದೆ, ಇನ್ಸುಲಿನ್ ಕಮ್ಮಿಯಾಗುತ್ತದೆ. ಸಿಎಫ್ ಇರುವ ದೊಡ್ಡವರಲ್ಲಿ 100ಕ್ಕೆ 40ರಿಂದ 50 ಜನಕ್ಕೆ ಇದು ಬರುತ್ತದೆ. ತಿಂದು ಬರಿಸಿಕೊಂಡದ್ದಲ್ಲ. ಇದಕ್ಕೆ ಬೇಕಾದದ್ದು ಇನ್ಸುಲಿನ್, ಉಪವಾಸ ಅಲ್ಲ. ಕೊಬ್ಬಿನ ವಿಷಯದಲ್ಲಿ ಹಳೇ ಪಾಠವೊಂದಿದೆ. 1988ರಲ್ಲಿ ಟೊರಾಂಟೊ, ಬಾಸ್ಟನ್ ಎರಡೂ ಊರಿನ ಸಿಎಫ್ ಕ್ಲಿನಿಕ್‌ಗಳನ್ನು ಹೋಲಿಸಿ ನೋಡಿದ್ದರು. ಕೊಬ್ಬು ಧಾರಾಳವಾಗಿ ತಿನ್ನಿಸುತ್ತಿದ್ದ ಟೊರಾಂಟೊದಲ್ಲಿ ಬದುಕುವ ಮಧ್ಯಾಂಕ ವಯಸ್ಸು 30, ಬಾಸ್ಟನ್ನಿನಲ್ಲಿ 21.

ಆ ಹುಡುಗನ ಜೊತೆ ಮತ್ತೆ ಮೊದಲಿಂದ ಶುರು ಮಾಡಿದೆ. ಏನು ತಿಂದೆ ಅನ್ನುವುದರ ಪಕ್ಕದಲ್ಲಿ ಗಂಟೆಯನ್ನೂ ಬರಿ ಅಂದೆ. ತೋಳಿಗೆ ಗ್ಲೂಕೋಸ್ ಸೆನ್ಸರ್ ಹಚ್ಚಿದ್ದರು. ಬರೆದದ್ದನ್ನೂ ಸೆನ್ಸರಿನ ಗೆರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಊಟವಾದ ಮೇಲೆ ಗೆರೆ ಸ್ವಲ್ಪ ಏರಿ ಇಳಿಯುತ್ತಿತ್ತು. ಬೆಳಗ್ಗೆ 11ಕ್ಕೆ, ಮಧ್ಯಾಹ್ನ 4ಕ್ಕೆ ಮಾತ್ರ ನೆಟ್ಟಗೆ ಮೇಲೆ. ಎರಡೂ ಹೊತ್ತಲ್ಲಿ ಬರೆದಿದ್ದದ್ದು ಒಂದೇ: ಕೋಲಾ, ಅರ್ಧ ಲೀಟರ್.

‘ಅದನ್ನೇ ಯಾಕೆ ಕುಡೀತೀಯ?’ ಅಂತ ಕೇಳಿದೆ.

‘ಅದಕ್ಕೆ ಕ್ಯಾಪ್ಸೂಲ್ ಬೇಡವಲ್ಲ’ ಅಂದ.

ನನಗೆ ಹೊಳೆದೇ ಇರಲಿಲ್ಲ. ಕೊಬ್ಬು ಇರುವ ಏನೇ ತಿಂದರೂ ಇವರಲ್ಲಿ ಹೆಚ್ಚಿನವರು ಅದು ಜೀರ್ಣವಾಗಲು ಎನ್ಜೈಮ್ ಕ್ಯಾಪ್ಸೂಲ್ ನುಂಗಬೇಕು, ಇಲ್ಲದಿದ್ದರೆ ಹೊಟ್ಟೆ ನೋವು, ಭೇದಿ. ಬರೀ ಸಕ್ಕರೆ ನೀರಿಗೆ ಅದು ಬೇಡ. ಕೆಲಸದ ಜಾಗದಲ್ಲಿ ಎಲ್ಲರೆದುರು ಡಬ್ಬಿ ತೆಗೆಯಲು ಅವನಿಗೆ ನಾಚಿಕೆ. ಕೋಲಾ ಆದರೆ ಯಾರೂ ಏನೂ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ಸಿಹಿ ಬಿಡು ಅನ್ನಲಿಲ್ಲ. ಸಕ್ಕರೆಯನ್ನು ಕುಡಿಯಬೇಡ, ಊಟದ ಕೊನೆಗೆ ತಿನ್ನು ಅಂದೆ. ಆಗ ಊಟದ ಇನ್ಸುಲಿನ್ ಲೆಕ್ಕದಲ್ಲೇ ಅದೂ ಸೇರಿಹೋಗುತ್ತದೆ. ಎಷ್ಟು ಗ್ರಾಂ ಕಾರ್ಬ್‌ಗೆ ಎಷ್ಟು ಯೂನಿಟ್ ಅಂತ ಡಯಾಬಿಟಿಸ್ ನರ್ಸ್ ಕೂತು ಕಲಿಸಿದರು. 11 ಗಂಟೆಗೆ ಚೀಸ್, ಬಾದಾಮಿ, ಕೆನೆ ಹಾಲು. ಕ್ಯಾಪ್ಸೂಲಿಗೆ ಜೇಬಲ್ಲಿ ಹಿಡಿಸುವ ಪುದೀನಾ ಮಿಠಾಯಿ ಡಬ್ಬಿ. ಅದು ಅವನದೇ ಐಡಿಯಾ. ಹೋದ ಮೂರು ಕಿಲೋ ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು.

ಊರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರೆ ಅಪ್ಪನಿಗೆ ಸಿಟ್ಟು. ಅವರಿಗೂ ಶುಗರ್, ಆದರೆ ಸಿಎಫ್‌ನದ್ದಲ್ಲ. ‘ಅಲ್ಲಿಯವರಿಗೆ ಬೆಣ್ಣೆ ತಿನ್ನಿಸ್ತೀಯ, ನಾನು ಮಾತ್ರ ಮುದ್ದೆ ನುಂಗಬೇಕಾ?’

ಪರೀಕ್ಷೆಯ ಬಗ್ಗೆ ಒಂದು ಮಾತು. ಹೆಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) ಚೆನ್ನಾಗಿದೆ ಅಂತ ಸುಮ್ಮನಾಗಬಾರದು, ಸಿಎಫ್‌ನಲ್ಲಿ ಅದು ಕಮ್ಮಿ ತೋರಿಸಬಹುದು. ಖಾಲಿ ಹೊಟ್ಟೆಯದ್ದೂ ಎಷ್ಟೋ ಸಲ ನಾರ್ಮಲ್ ಇರುತ್ತದೆ. ಸಿಎಫ್ ಇದ್ದವರಿಗೆ 10 ವರ್ಷ ತುಂಬಿದ ಮೇಲೆ ಪ್ರತಿ ವರ್ಷ 75 ಗ್ರಾಂವರೆಗಿನ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಬೇಕು. ಆಗ ರಕ್ತದಲ್ಲಿ ಡೆಸಿಲೀಟರಿಗೆ 200 ಮಿಲಿಗ್ರಾಂ ಮುಟ್ಟಿದರೆ ಶುಗರ್ ಅಂತ ಲೆಕ್ಕ.

2020ರಲ್ಲಿ ಇಲ್ಲಿ ಸಿಎಫ್‌ನ ಮೂಲ ದೋಷಕ್ಕೇ ಕೈಹಾಕುವ ಕಾಫ್ಟ್ರಿಯೊ ಮಾತ್ರೆ ಬಂದ ಮೇಲೆ ಅದನ್ನು ತಿನ್ನುವವರ ತೂಕ ಏರತೊಡಗಿ ನನ್ನ ಕೆಲಸ ತಿರುಗುಮುರುಗಾಗಿದೆ. ಆ ಹುಡುಗನಿಗೆ ಈಗ ಹೊಟ್ಟೆ ಬಂದಿದೆ. ಅವನಮ್ಮ ಇವತ್ತಿಗೂ ಪಾಸ್ತಾಗೆ ಕ್ರೀಮ್ ಸುರಿಯುತ್ತಾರೆ. ಇಪ್ಪತ್ತೈದು ವರ್ಷ ನಾವೇ ಸುರಿಯಿರಿ ಅಂದವರು. ಕಳೆದ ಸಲ ಅವರನ್ನೂ ಜೊತೆಗೆ ಕೂರಿಸಿಕೊಂಡು, ಕ್ರೀಮ್ ಅರ್ಧ ಮಾಡೋಣವಾ ಅಂತ ಕೇಳಿದೆ. ಬ್ಯಾಗಿನಿಂದ ಹಳೇ ಚೀಟಿ ತೆಗೆದು ತೋರಿಸಿದರು. ‘ಕ್ರೀಮ್ ಹಾಕಲು ಮರೆಯಬೇಡಿ’ ಅಂತಿತ್ತು. ನನ್ನದೇ ಕೈಬರಹ.