ಹದಿನಾಲ್ಕು ಸಾವಿರ ಖಾಲಿ ಫೋಲ್ಡರ್, ನಾಲ್ಕು ನಿಮಿಷ

ಈ ಏಪ್ರಿಲ್ ಒಂದರಂದು ರಾಜಾಜಿನಗರದಲ್ಲಿ ತೆರಿಗೆ ಲೆಕ್ಕ ನೋಡುವ ನಮ್ಮ ಕಚೇರಿಗೆ ಕಾಫಿ ಬರುವುದಕ್ಕೆ ಮೊದಲೇ ಕಂಪ್ಯೂಟರಿನಲ್ಲಿ 210 ಪಾರ್ಟಿಗಳ, ಅಂದರೆ ನಾವು ಲೆಕ್ಕ ನೋಡಿಕೊಳ್ಳುವ ವ್ಯಾಪಾರಿಗಳ, ಹೊಸ ಆರ್ಥಿಕ ವರ್ಷದ ಫೋಲ್ಡರ್‌ಗಳು ಸಾಲಾಗಿ ಎದ್ದು ನಿಂತಿದ್ದವು. ಪಾರ್ಟಿಗೆ ಹನ್ನೆರಡು ತಿಂಗಳು, ತಿಂಗಳಿಗೆ ಮಾರಾಟ, ಖರೀದಿ, ಬ್ಯಾಂಕ್, ರಿಟರ್ನ್ ಎಂದು ನಾಲ್ಕು, ಅದರ ಮೇಲೆ ನೋಟಿಸು, ವಾರ್ಷಿಕ, ಆದಾಯ ತೆರಿಗೆ ಎಂದು ಇನ್ನು ನಾಲ್ಕೈದು. ಒಟ್ಟು ಹತ್ತಿರಹತ್ತಿರ ಹದಿನಾಲ್ಕು ಸಾವಿರ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಹಿಂದೆ ಇದೇ ಕೆಲಸಕ್ಕೆ ಇಬ್ಬರು ಐದಾರು ದಿನ ಕುಳಿತು ಕಾಪಿ-ಪೇಸ್ಟ್ ಮಾಡುತ್ತಿದ್ದರು. ಮುಗಿಯುವಷ್ಟರಲ್ಲಿ ಪೀಣ್ಯದ ಲೇತ್ ಕಾರ್ಖಾನೆಯ ಆಗಸ್ಟ್ ತಿಂಗಳು ಚಿಕ್ಕಪೇಟೆಯ ಸೀರೆ ಅಂಗಡಿಯೊಳಗೆ ಹೋಗಿ ಕುಳಿತಿರುತ್ತಿತ್ತು.

ನಾನು ಇದನ್ನು ಹೇಳಿಕೊಂಡಾಗ ಮಲ್ಲೇಶ್ವರದ ಹಿರಿಯ ಲೆಕ್ಕಪರಿಶೋಧಕ ಮಿತ್ರರು ನಕ್ಕಿದ್ದರು. "ಖಾಲಿ ಚೀಲ ಹೊಲಿದಿಟ್ಟರೆ ಅಕ್ಕಿ ತಾನಾಗಿ ಬಂದು ತುಂಬುತ್ತದೆಯೇ ರಾಯರೇ? ಬಿಲ್ಲು ಬಂದಾಗ ಫೋಲ್ಡರ್ ಮಾಡಿಕೊಂಡರೆ ಸಾಲದೇ?" ಎಂದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹಣ ಕಳೆದುಕೊಂಡ ಕಥೆ. ಅಕ್ಕನ ಮಗನ ಸ್ನೇಹಿತನೊಬ್ಬ ಇದಕ್ಕೆಂದೇ ತಂತ್ರಾಂಶ ಬರೆದುಕೊಡುತ್ತೇನೆಂದು 35,000 ಕೇಳಿದ. 10,000 ಮುಂಗಡ ಕೊಟ್ಟೆ. ಮೂರು ತಿಂಗಳು "ಮುಂದಿನ ವಾರ ಸಾರ್" ಎಂದ, ನಂತರ ಫೋನ್ ಎತ್ತುವುದನ್ನೇ ಬಿಟ್ಟ. ಇನ್ನೊಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ 3,000 ತೆಗೆದುಕೊಂಡು ಪೈಥಾನ್‌ನಲ್ಲಿ ನಿಜಕ್ಕೂ ಬರೆದುಕೊಟ್ಟ. ಆದರೆ ಅದು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತಿತ್ತು. ಒಟ್ಟು ಹದಿಮೂರು ಸಾವಿರ ಕೈಬಿಟ್ಟ ಮೇಲೆ ಹಟ ಹಿಡಿದು ನಾನೇ ಕುಳಿತೆ. ಈಗ ಓಡುತ್ತಿರುವುದು ಒಂದು ಎಕ್ಸೆಲ್ ಹಾಳೆ ಮತ್ತು ಒಂದು ಬ್ಯಾಚ್ ಫೈಲ್ (ಸಾಲಾಗಿ ಬರೆದಿಟ್ಟ ಆಜ್ಞೆಗಳನ್ನು ಒಂದೇ ಒತ್ತಿಗೆ ಓಡಿಸುವ ಫೈಲು). ಖರ್ಚು ಸೊನ್ನೆ.

ವಿಧಾನ ಸರಳ. ಹಾಳೆಯಲ್ಲಿ ಪಾರ್ಟಿಯ ಹೆಸರು, ತಿಂಗಳು, ಉಪಫೋಲ್ಡರ್. ಪಕ್ಕದ ಕಾಲಂನಲ್ಲಿ ಇವನ್ನು ಜೋಡಿಸಿ ಎಂಡಿ, ಅಂದರೆ ಫೋಲ್ಡರ್ ಸೃಷ್ಟಿಸುವ ವಿಂಡೋಸ್ ಆಜ್ಞೆಯ ಸಾಲು ಮಾಡುವ ಸೂತ್ರ. ಅದನ್ನು ನೋಟ್‌ಪ್ಯಾಡಿಗೆ ಹಾಕಿ, ಹೆಸರಿನ ಕೊನೆಗೆ ಬ್ಯಾಟ್ (.bat) ಸೇರಿಸಿ ಉಳಿಸಿದರೆ ಆಯಿತು. ಮಧ್ಯದ ಹಂತದ ಫೋಲ್ಡರುಗಳನ್ನು ಎಂಡಿ ತಾನೇ ಸೃಷ್ಟಿಸಿಕೊಳ್ಳುತ್ತದೆ.

2024ರ ಏಪ್ರಿಲ್‌ನಲ್ಲಿ ಧೈರ್ಯದಿಂದ ಒತ್ತಿದೆ. ತೆರೆದು ನೋಡಿದರೆ ಎಲ್ಲ ಪಾರ್ಟಿಗಳ ಒಳಗೂ 45383, 45413, 45444 ಎಂಬ ಫೋಲ್ಡರ್‌ಗಳು! ತಿಂಗಳನ್ನು 2024-04 ಎಂದು ಬೆರಳಚ್ಚಿಸಿದ್ದೆ. ಎಕ್ಸೆಲ್ ಅದನ್ನು ದಿನಾಂಕವೆಂದು ತಿಳಿದು, ಸೂತ್ರದೊಳಗೆ ತನ್ನ ದಿನಗಳ ಎಣಿಕೆಯನ್ನೇ ಕೊಟ್ಟಿತ್ತು. 45383 ಎಂದರೆ 2024ರ ಏಪ್ರಿಲ್ 1. ಎಕ್ಸೆಲ್ ಹೀಗೆ ಮಾಡುತ್ತದೆಂದು ಇಪ್ಪತ್ತು ವರ್ಷ ಅದನ್ನೇ ನೆಚ್ಚಿ ಬದುಕಿದ ನನಗೆ ನೆನಪಾಗಬೇಕಿತ್ತು. ಕಾಲಂ ಅನ್ನು ಮೊದಲೇ ಪಠ್ಯವೆಂದು ಗುರುತಿಸಿದರೆ ಮುಗಿಯಿತು. ಅದಕ್ಕೂ ಹಿಂದೆ 01-ಏಪ್ರಿಲ್, 02-ಮೇ ಎಂದು ಇಟ್ಟು ನೋಡಿದ್ದೆ. ಹೊಸದಾಗಿ ಸೇರಿದ ಹುಡುಗಿ ಜನವರಿಯ ಬಿಲ್ಲುಗಳನ್ನೆಲ್ಲ 01ಕ್ಕೆ ತುಂಬಿದಳು. ಅವಳ ತಪ್ಪೇನಿಲ್ಲ, ಲೋಕದಲ್ಲಿ 01 ಎಂದರೆ ಜನವರಿಯೇ.

ಆಮೇಲೆ ಹೆಸರುಗಳ ಕಾಟ. "ರಾವ್ & ಸನ್ಸ್" ಎಂಬ ಪಾರ್ಟಿಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲ. & ಬಂದ ಕೂಡಲೇ ಆಜ್ಞೆ ಎರಡಾಗಿ ಒಡೆದು, "ಸನ್ಸ್" ಎಂಬ ಪ್ರೋಗ್ರಾಂ ಸಿಗಲಿಲ್ಲವೆಂದು ಕಂಪ್ಯೂಟರ್ ದೂರಿತು. ಉದ್ಧರಣ ಚಿಹ್ನೆ ಹಾಕಿದ ಮೇಲೆ ಬೇರೆ ತಮಾಷೆ: ಇಂಗ್ಲಿಷಿನಲ್ಲಿ ಎಂ/ಎಸ್ ಎಂದು ಆರಂಭವಾಗುವ ನಲವತ್ತು ಪಾರ್ಟಿಗಳೂ "ಎಂ" ಎಂಬ ಒಂದೇ ಫೋಲ್ಡರಿನೊಳಗೆ ಒಟ್ಟು ಕುಟುಂಬದಂತೆ ಸೇರಿಕೊಂಡಿದ್ದವು. ಓರೆಗೆರೆ ಅಲ್ಲಿ ಹೊಸ ಹಂತ ತೆಗೆದಿತ್ತು. ಕನ್ನಡದ "ಮೆ||" ಕೂಡ ನಡೆಯುವುದಿಲ್ಲ, ಆ ನಿಂತ ಗೆರೆ ವಿಂಡೋಸ್‌ನ ನಿಷಿದ್ಧ ಚಿಹ್ನೆಗಳಲ್ಲಿ ಒಂದು. "ಲಿ." ಎಂದು ಮುಗಿಯುವ ಹೆಸರಿನ ಕೊನೆಯ ಚುಕ್ಕಿಯನ್ನು ವಿಂಡೋಸ್ ಸದ್ದಿಲ್ಲದೆ ನುಂಗುತ್ತದೆ. ಹಾಳೆಯಲ್ಲಿ ಚುಕ್ಕಿ ಇದೆ, ಡಿಸ್ಕಿನಲ್ಲಿ ಇಲ್ಲ. ಮುಂದೆ ಎರಡನ್ನೂ ಹೋಲಿಸುವಾಗ ಲೆಕ್ಕ ತಪ್ಪುತ್ತದೆ.

ಇದರಿಂದ ಬೇಸತ್ತು ಪಾರ್ಟಿಗೆ ಮೂರಕ್ಷರದ ಇಂಗ್ಲಿಷ್ ಸಂಕೇತ ಕೊಟ್ಟೆ. ಎಲ್ಲವೂ ಸರಿಹೋಯಿತು, ಒಂದು ಪಾರ್ಟಿಯ ಹೊರತು. ಕಟ್ಟಡ ಗುತ್ತಿಗೆದಾರರೊಬ್ಬರಿಗೆ ಸಿ-ಒ-ಎನ್ ಎಂದು ಇಟ್ಟಿದ್ದೆ. ಏನು ಮಾಡಿದರೂ ಆ ಫೋಲ್ಡರ್ ಹುಟ್ಟಲಿಲ್ಲ. ಅರ್ಧ ದಿನ ಹಾಳಾದ ಮೇಲೆ ತಿಳಿಯಿತು: ಅದು ಡಾಸ್ ಕಾಲದಿಂದ ಕನ್ಸೋಲ್‌ಗೆ (ಕೀಲಿಮಣೆ-ಪರದೆಗೆ) ಕಾದಿರಿಸಿದ ಹೆಸರು. ಪಿಆರ್‌ಎನ್, ಎಯುಎಕ್ಸ್, ಎನ್‌ಯುಎಲ್ ಕೂಡ ಹಾಗೆಯೇ. ಈಗ ಸಂಕೇತದ ಹಿಂದೆ ಮೂರಂಕಿಯ ಕ್ರಮಸಂಖ್ಯೆ ಇರುತ್ತದೆ. ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಅನ್ನೇ ಇಟ್ಟರೆ ಆಗದೇ ಎಂದು ಕೇಳುವವರಿಗೆ: ಎಲ್ಲವೂ ಕರ್ನಾಟಕದ ಸಂಕೇತ 29ರಿಂದ ಆರಂಭವಾಗುವ ಹದಿನೈದು ಅಕ್ಷರಗಳ ಸಾಲನ್ನು ದಿನವಿಡೀ ಓದಿ ನೋಡಿ.

ನಡುವೆ ಒಂದು ಚಪಲ. ನಮ್ಮ ಹಿರಿಯ ಗುಮಾಸ್ತರಿಗೆ ಕನ್ನಡವೇ ಸಲೀಸು, ಒಳಫೋಲ್ಡರ್‌ಗಳಿಗಾದರೂ ಕನ್ನಡ ಹೆಸರು ಇಡೋಣ ಎಂದುಕೊಂಡೆ. ಅವರು ಹಳೆಯ "ನುಡಿ" ತಂತ್ರಾಂಶದಲ್ಲಿ ಬೆರಳಚ್ಚಿಸಿಕೊಟ್ಟರು. ಹಾಳೆಯಲ್ಲಿ ಮುದ್ದಾಗಿ "ಮಾರಾಟ", ಡಿಸ್ಕಿನಲ್ಲಿ ಕೊಂಬು-ಬಾಲ ಹೊತ್ತ ರೋಮನ್ ಅಕ್ಷರಗಳ ಸಂತೆ. ಅದು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲ, ರೋಮನ್ ಅಕ್ಷರಗಳಿಗೆ ಫಾಂಟು ತೊಡಿಸಿದ ಕನ್ನಡದ ವೇಷ. ಯೂನಿಕೋಡಿಗೆ ಬದಲಿಸಿದೆ, ನೋಟ್‌ಪ್ಯಾಡಿನಲ್ಲಿ ಎಎನ್‌ಎಸ್‌ಐ (ಕನ್ನಡ ಹಿಡಿಸದ ಹಳೆಯ ಪದ್ಧತಿ) ಎಂದು ಉಳಿಸಿಬಿಟ್ಟಿದ್ದರಿಂದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು, ಆ ಚಿಹ್ನೆಯೂ ನಿಷಿದ್ಧ. ಯೂನಿಕೋಡನ್ನು ಉಳಿಸಬಲ್ಲ ಯುಟಿಎಫ್-8ರಲ್ಲಿ ಉಳಿಸಿ, ಆಜ್ಞೆಗಳನ್ನೂ ಹಾಗೆಯೇ ಓದಲೆಂದು ಆರಂಭದಲ್ಲಿ ಕೋಡ್‌ಪೇಜ್ 65001 ಮಾಡಿದ ಮೇಲೆ ಓಡಿತು. ಆದರೂ ಮೊದಲ ಸಾಲು ಮಾತ್ರ ಪ್ರತಿ ಸಲವೂ ಕೆಡುತ್ತಿತ್ತು. ಫೈಲಿನ ತಲೆಯಲ್ಲಿ ಕಾಣದೆ ಕುಳಿತ ಗುರುತೇ ಕಾರಣ. ನಾನು ಮೊದಲ ಸಾಲನ್ನು ಖಾಲಿ ಬಿಟ್ಟು ಅದಕ್ಕೆ ಬಲಿ ಕೊಡುತ್ತೇನೆ.

ಈಗ ಚೀಲದ ಪ್ರಶ್ನೆಗೆ ಬರೋಣ. ಒಂದು ಸಂಜೆ ಯಾವ ಫೋಲ್ಡರ್‌ಗಳು ಇನ್ನೂ ಖಾಲಿ ಇವೆ ಎಂದು ಸುಮ್ಮನೆ ಪಟ್ಟಿ ತೆಗೆದೆ. ನೋಡಿದರೆ ಅದೇ ಬಿಲ್ಲು ಕಳಿಸದವರ ಪಟ್ಟಿ! ಬಿಲ್ಲು ಬಂದಾಗ ಫೋಲ್ಡರ್ ಮಾಡಿದರೆ ಬಾರದವನು ಕಣ್ಣಿಗೇ ಬೀಳುವುದಿಲ್ಲ. ಜಿಎಸ್‌ಟಿಆರ್-1ಕ್ಕೆ, ಅಂದರೆ ತಿಂಗಳ ಮಾರಾಟದ ವಿವರ ಕೊಡುವ ರಿಟರ್ನ್‌ಗೆ, ಕೊನೆಯ ದಿನ ಮುಂದಿನ ತಿಂಗಳ 11. ನಾನು 6ರ ಬೆಳಿಗ್ಗೆ ಪಟ್ಟಿ ಮುದ್ರಿಸಿ ಫೋನಿಗೆ ಕೂರುತ್ತೇನೆ. ಹಿಂದೆ ಇದಕ್ಕೆ ಡೈರಿ, ಗೋಡೆಯ ಹಲಗೆ, ಗುಮಾಸ್ತರ ಜ್ಞಾಪಕಶಕ್ತಿ ಎಲ್ಲ ಬೇಕಾಗಿತ್ತು.

ಇದರಲ್ಲೂ ಪೆಟ್ಟು ತಿಂದಿದ್ದೇನೆ. ಯಾರೋ ಫೋಲ್ಡರಿನ ಚಿತ್ರ ಬದಲಿಸಿದ್ದರಿಂದ ಒಳಗೆ ಡೆಸ್ಕ್‌ಟಾಪ್ ಐಎನ್‌ಐ ಎಂಬ ಅಡಗಿದ ಫೈಲು ಹುಟ್ಟಿತ್ತು. ಖಾಲಿ ಅಲ್ಲವೆಂದು ಪಟ್ಟಿಯಿಂದ ಆ ಪಾರ್ಟಿ ಜಾರಿಹೋಯಿತು. ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಒಂಬತ್ತು ದಿನ ತಡ. ದಿನಕ್ಕೆ 50ರಂತೆ 450 ವಿಳಂಬ ಶುಲ್ಕ, ಮೇಲೆ ಶೇ. 18ರ ಬಡ್ಡಿ; ಎರಡನ್ನೂ ಕೈಯಿಂದ ಕಟ್ಟಿದೆ. ಈಗ ಅಡಗಿದ ಫೈಲುಗಳನ್ನು ಎಣಿಕೆಗೆ ಸೇರಿಸುವುದಿಲ್ಲ.

ವರ್ಷದ ಕೊನೆಗೆ ಉಳಿದ ಖಾಲಿ ಫೋಲ್ಡರ್‌ಗಳನ್ನು ಅಳಿಸಲು ಆರ್‌ಡಿ ಎಂಬ ಆಜ್ಞೆ ಸಾಕು, ಒಳಗೆ ಏನಾದರೂ ಇದ್ದರೆ ಅದು ಮುಟ್ಟುವುದೇ ಇಲ್ಲ. ಪಟ್ಟಿಯನ್ನು ತಲೆಕೆಳಗು ಮಾಡಿ ಕೊಟ್ಟರೆ ಒಳಗಿನದು ಮೊದಲು ಹೋಗುತ್ತದೆ. ಬೇಗ ಆಗಲೆಂದು ನಾನೊಮ್ಮೆ ಅದಕ್ಕೆ, ಒಳಗಿರುವುದನ್ನೂ ಸೇರಿಸಿ ಅಳಿಸು ಎನ್ನುವ ಸ್ಲ್ಯಾಷ್ ಎಸ್ (/s) ಸೇರಿಸಿದೆ. ಮೂರು ಪಾರ್ಟಿಗಳ ಇಡೀ ವರ್ಷ ಮಾಯ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಆರೂವರೆ ಸಾವಿರ ಕೊಟ್ಟು ಮುಕ್ಕಾಲು ಭಾಗ ವಾಪಸ್ ಪಡೆದೆ. ಇನ್ನೊಮ್ಮೆ ಹದಿನಾಲ್ಕು ಸಾವಿರವನ್ನೂ ಕ್ಲೌಡ್ ಸಿಂಕ್ ಆಗುವ ಜಾಗದಲ್ಲೇ ಸೃಷ್ಟಿಸಿ ಇಡೀ ರಾತ್ರಿ ಇಂಟರ್ನೆಟ್ ಉಸಿರುಗಟ್ಟುವಂತೆ ಮಾಡಿದೆ. ಈಗ ಸಿಂಕ್ ನಿಲ್ಲಿಸಿ ಓಡಿಸುತ್ತೇನೆ, ನಂತರ ದಿನಕ್ಕೆ ಮೂವತ್ತು-ನಲವತ್ತು ಪಾರ್ಟಿಗಳಂತೆ ಬಿಡುತ್ತೇನೆ.

ಮಲ್ಲೇಶ್ವರದ ಮಿತ್ರರು ಕಳೆದ ತಿಂಗಳು ಸಹಾಯಕನ ಕೈಯಲ್ಲಿ ಪೆನ್‌ಡ್ರೈವ್ ಕಳಿಸಿದ್ದರು. ಹಾಳೆಯನ್ನು ಕೊಟ್ಟೆ, ಒಂಬತ್ತನೆಯ ಕಾಲಂ ಅಳಿಸಿ. ಖಾಲಿ ಎಂದರೆ ಬಿಲ್ಲು ಬಾರದ್ದೋ, ಆ ತಿಂಗಳು ವ್ಯಾಪಾರವೇ ನಡೆಯದ್ದೋ ಎಂದು ಹೇಳುವುದು ಅದೇ ಕಾಲಂ. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಬಗೆಹರಿಯದೆ ಉಳಿದಿರುವುದು ತ್ರೈಮಾಸಿಕದವರು, ಅಂದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು. ಐದು ಕೋಟಿಯೊಳಗಿನ ವಹಿವಾಟಿನವರು ಏಪ್ರಿಲ್ 30ರವರೆಗೆ ತಿಂಗಳಿನಿಂದ ತ್ರೈಮಾಸಿಕಕ್ಕೆ ಹಾರಬಹುದು. ನನ್ನ ಬ್ಯಾಚ್ ಒಂದನೇ ತಾರೀಕಿಗೇ ಓಡಿ ಮುಗಿದಿರುತ್ತದೆ. ಈ ವರ್ಷ ಹಾಗೆ ಹಾರಿದವರು ಹನ್ನೊಂದು ಜನ. ಅವರ ಫೋಲ್ಡರ್‌ಗಳನ್ನು ಗುಮಾಸ್ತರು ಕೈಯಲ್ಲೇ ಬದಲಿಸಿದರು, ಬದಲಿಸುವಾಗ ನನ್ನನ್ನೇ ನೋಡುತ್ತಿದ್ದರು.